ಬಿಲ್ಲಿನಲ್ಲಿ ಹೆಸರಿದ್ದವನೇ ಕಳ್ಳ

ನಮ್ಮ ಹೈಕೋರ್ಟುಗಳಿಗೆ ಅಶೋಕ್ ಕುಮಾರ್ ಎಂಬೊಬ್ಬ ವರ್ಷಗಳಿಂದ ಬೇಕಾಗಿದ್ದಾನೆ. ಅವನಿಗೆ ಅಪ್ಪನ ಹೆಸರಿಲ್ಲ, ಊರಿಲ್ಲ, ಆಧಾರ್ ಕಾರ್ಡಂತೂ ಇಲ್ಲವೇ ಇಲ್ಲ. ಸಿನಿಮಾ ತೆರೆಗೆ ಬರುವ ಮುಂಚೆಯೇ ನಿರ್ಮಾಪಕರು ಕೋರ್ಟಿಗೆ ಹೋಗಿ, ‘ನಾಳೆ ಯಾವನೋ ನಮ್ಮ ಚಿತ್ರ ಕದೀತಾನೆ ಸ್ವಾಮಿ, ಇವತ್ತೇ ತಡೆಯಾಜ್ಞೆ ಕೊಡಿ’ ಎನ್ನುತ್ತಾರೆ. ಕದಿಯಲಿರುವವನ ಹೆಸರು ಗೊತ್ತಿಲ್ಲವಾದ್ದರಿಂದ ಅರ್ಜಿಯಲ್ಲಿ ಅಶೋಕ್ ಕುಮಾರ್ ಎಂದು ಬರೆಯುವುದು ವಾಡಿಕೆ. 2002ರ ವಿಶ್ವಕಪ್ ಫುಟ್‌ಬಾಲ್ ಹೊತ್ತಿನಲ್ಲಿ ದೆಹಲಿ ಹೈಕೋರ್ಟು ಹೆಸರೇ ಗೊತ್ತಿಲ್ಲದ ಕೇಬಲ್‌ನವರ ಮೇಲೆ ಇಂಥ ಆದೇಶ ಕೊಟ್ಟಿತ್ತು. ಆಮೇಲೆ ಸಿನಿಮಾದವರೂ ಅದೇ ದಾರಿ ಹಿಡಿದರು. 2012ರಲ್ಲಿ ಧನುಷ್ ಅವರ ‘3’ ಚಿತ್ರಕ್ಕಾಗಿ ಮದ್ರಾಸ್ ಹೈಕೋರ್ಟು ಆದೇಶ ಕೊಟ್ಟಾಗ ಇಂಟರ್‌ನೆಟ್ ಕಂಪನಿಗಳು ವಿಮಿಯೊದಂಥ ಇಡೀ ತಾಣಗಳಿಗೇ ಬೀಗ ಜಡಿದು ಕೂತವು. ಕದ್ದ ಮಾಲಿರುವ ಪುಟವನ್ನಷ್ಟೇ ಮುಚ್ಚಿ ಎಂದು ಕೋರ್ಟು ಮತ್ತೆ ಬಿಡಿಸಿ ಹೇಳಬೇಕಾಯಿತು.

ಅಶೋಕ್ ಕುಮಾರ್ ಎಂಬ ಹೆಸರು ದೆಹಲಿಗೆ ಸರಿ. ನಮ್ಮ ಸೀಮೆಗೆ ಇದೇ ಆದೇಶ ಬಂದರೆ ಹನೂರಿಗೆ ಮಾದೇಶ, ಯಳಂದೂರಿಗೆ ರಂಗಸ್ವಾಮಿ, ಕೊಳ್ಳೇಗಾಲಕ್ಕೆ ಸಿದ್ದರಾಜು ಎಂದು ಬರೆದುಕೊಳ್ಳಬೇಕಾಗುತ್ತದೆ. ಮಲೆಯ ಮಾದಪ್ಪ, ಬಿಳಿಗಿರಿರಂಗ, ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಮೂವರೂ ತಂತಮ್ಮ ಹೆಸರನ್ನು ರಾಯಲ್ಟಿ ಕೇಳದೆ ಮನೆಮನೆಗೆ ಹಂಚಿಬಿಟ್ಟಿದ್ದಾರೆ. ‘ಮಾದೇಶ ಹಾಜರಾಗತಕ್ಕದ್ದು’ ಎಂದು ಕೋರ್ಟಿನ ಅಮೀನ ಕೂಗಿದರೆ ಅರ್ಧ ತಾಲ್ಲೂಕು ಬಸ್ಸು ಹತ್ತಬೇಕು.

ಕಳ್ಳ ಸಿಗದಿದ್ದರೇನಂತೆ, ವೈಫೈ ಇದೆಯಲ್ಲ! ಕೊಳ್ಳೇಗಾಲದ ಯಾವುದಾದರೂ ಬೀದಿಯಲ್ಲಿ ಒಬ್ಬರು ಫೈಬರ್ ಹಾಕಿಸಿದರು ಎನ್ನಿ. ಡಬ್ಬಿ ನಡುಮನೆಯ ಗೋಡೆಯಲ್ಲಿ, ದೇವರ ಪಟದ ಪಕ್ಕ ಮಿಣಮಿಣ ಎನ್ನುತ್ತಿರುತ್ತದೆ. ಪಾಸ್‌ವರ್ಡ್ ಎಂದರೆ ಮಗಳ ಹೆಸರು, ಅದರ ಬಾಲಕ್ಕೆ ಒಂದು-ಎರಡು-ಮೂರು. ಪಕ್ಕದ ಮನೆ ಹುಡುಗ ಬಂದು, ‘ಅಣ್ಣೋ, ರಿಸಲ್ಟ್ ನೋಡ್ಬೇಕು, ಪಾಸ್‌ವರ್ಡ್ ಒಸಿ ಹೇಳ್ಬುಡು’ ಎನ್ನುತ್ತಾನೆ. ‘ಅದ್ಕೇನಂತೆ, ಬರ್ಕೊ ಮಗ.’ ಹುಡುಗ ಪಾಸಾಗಿ, ಕಾಲೇಜು ಮುಗಿಸಿ, ಬೆಂಗಳೂರು ಸೇರಿದರೂ ಪಾಸ್‌ವರ್ಡ್ ಮಾತ್ರ ಬದಲಾಗುವುದಿಲ್ಲ. ಅಷ್ಟರಲ್ಲಿ ಅದು ಮಹಡಿಯ ಬಾಡಿಗೆಯವರಿಗೆ, ಎದುರಿನ ಸಲೂನಿಗೆ, ಸಲೂನಿನ ಬೆಂಚಿನ ಮೇಲೆ ಕೂತವರಿಗೆಲ್ಲ ಬಾಯಿಪಾಠ. ಶುಕ್ರವಾರ ಬಿಡುಗಡೆಯಾದ ಸಿನಿಮಾ ಶನಿವಾರ ಟೆಲಿಗ್ರಾಮಿನಿಂದ ಈ ಡಬ್ಬಿಯ ಮೂಲಕವೇ ಇಳಿಯುತ್ತದೆ. ಇಳಿಸಿದವರು ಯಾರು? ಕಂಪನಿಗೆ ಗೊತ್ತಿರುವುದು ಬಿಲ್ಲು ಕಟ್ಟುವ ಯಜಮಾನರ ಹೆಸರೊಂದೇ. ಯಜಮಾನರಿಗೋ ಮೊಬೈಲಿನಲ್ಲಿ ರೇಷ್ಮೆ ಗೂಡಿನ ರೇಟು ನೋಡುವುದು ಬಿಟ್ಟರೆ ಬೇರೇನೂ ಬಾರದು.

1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನ ಪ್ರಕಾರ ಗೊತ್ತಿದ್ದೂ ಉಲ್ಲಂಘಿಸಿದವರಿಗೆ, ಕುಮ್ಮಕ್ಕು ಕೊಟ್ಟವರಿಗೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ‘ಗೊತ್ತಿದ್ದೂ’ ಎಂಬುದು ಕಾಯ್ದೆಯ ಮಾತು. ಬಾಗಿಲು ತಟ್ಟುವವರ ಮಾತು ಬೇರೆ: ‘ಕನೆಕ್ಷನ್ ಯಾರ ಹೆಸರಲ್ಲಿದೆ?’ ಈ ಒಂದು ಪ್ರಶ್ನೆಯನ್ನೇ ನಂಬಿ ಹೊರಟರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು 2007ರಲ್ಲೇ ನೋಡಿದೆ. ಆರ್ಕುಟ್‌ನಲ್ಲಿ ಶಿವಾಜಿಯನ್ನು ಅವಮಾನಿಸುವ ಚಿತ್ರ ಹಾಕಿದನೆಂದು ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬನನ್ನು ಪುಣೆ ಪೊಲೀಸರು ಇಲ್ಲಿಂದ ಎತ್ತಿಕೊಂಡು ಹೋದರು. ಆತ 50 ದಿನ ಜೈಲಿನಲ್ಲಿದ್ದ ಮೇಲೆ ಗೊತ್ತಾಯಿತು, ಕಂಪನಿ ಕೊಟ್ಟ ಐಪಿ ವಿಳಾಸದ ವಿವರವೇ ತಪ್ಪು! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮಲ್ಲಿ ಹಳೇ ವೈದ್ಯ. ಇಲ್ಲಿ ಎತ್ತು ಯಾರದೆಂದೇ ಗೊತ್ತಿರಲಿಲ್ಲ.

ಈ ವೈದ್ಯ ಕಲಿತವರು ನಾವಷ್ಟೇ ಅಲ್ಲ. ಫ್ರಾನ್ಸಿನಲ್ಲಿ 2012ರಲ್ಲಿ ಒಬ್ಬ ಬಡಗಿಗೆ 150 ಯೂರೋ ದಂಡ ಬಿತ್ತು. ಹಾಡು ಇಳಿಸಿದ್ದು ಹೆಂಡತಿ; ಕನೆಕ್ಷನ್ ಇದ್ದದ್ದು ಗಂಡನ ಹೆಸರಲ್ಲಿ; ಅದನ್ನು ಭದ್ರವಾಗಿ ಕಾಯಲಿಲ್ಲವೆಂಬುದೇ ಅವನ ಅಪರಾಧ. ಜರ್ಮನಿಯ ಸರ್ವೋಚ್ಚ ನ್ಯಾಯಾಲಯವಂತೂ 2010ರಲ್ಲಿ, ವೈಫೈಗೆ ಸರಿಯಾದ ಪಾಸ್‌ವರ್ಡ್ ಇಡದ ಮನೆಯ ಯಜಮಾನ ಪರರ ಡೌನ್‌ಲೋಡಿಗೂ ಬಾಧ್ಯ ಎಂದಿತು. ಅಲ್ಲಿನ ಸರ್ಕಾರ ಕಾನೂನು ತಿದ್ದಿ ಆ ಹೊರೆ ಇಳಿಸಿದ್ದು 2017ರಲ್ಲಿ.

ನಮ್ಮ ಸರ್ಕಾರಕ್ಕೆ ಎರಡು ನಾಲಿಗೆ. 2011ರ ಸೈಬರ್ ಕೆಫೆ ನಿಯಮಗಳು ಬಂದವರ ಗುರುತಿನ ಚೀಟಿ ನೋಡಿ, ದಾಖಲೆ ಒಂದು ವರ್ಷ ಇಡಿ ಎಂದವು. ನಡುವಿನ ಅಡ್ಡಗೋಡೆ ನಾಲ್ಕೂವರೆ ಅಡಿ ದಾಟಕೂಡದು ಎಂದು ಅಳತೆಪಟ್ಟಿಯನ್ನೂ ಹಿಡಿದವು. 2020ರಲ್ಲಿ ಬಂದ ಪಿಎಂ-ವಾಣಿ ಯೋಜನೆ ಟೀ ಅಂಗಡಿಯವನೂ ಲೈಸೆನ್ಸಿಲ್ಲದೆ ವೈಫೈ ಮಾರಲಿ ಎಂದಿತು. ನಡುವೆ 2014ರಲ್ಲಿ ಕರ್ನಾಟಕ, ಗೂಂಡಾ ಕಾಯ್ದೆಗೆ ‘ಡಿಜಿಟಲ್ ಅಪರಾಧಿ’ಯನ್ನೂ ಸೇರಿಸಿತು. ವ್ಯಾಪಾರಕ್ಕಾಗಿ ಕೃತಿಸ್ವಾಮ್ಯ ಮುರಿದವನನ್ನು ವಿಚಾರಣೆಯಿಲ್ಲದೆ ವರ್ಷದವರೆಗೆ ಒಳಗಿಡಬಹುದು. ಕಳ್ಳಬಟ್ಟಿಯವನ ಪಕ್ಕದ ಚಾಪೆ ಈಗ ಹಾಡು ಕದ್ದವನಿಗೆ.

ಕದ್ದ ಹಾಡೆಂದರೆ ನಮ್ಮ ಸೀಮೆಗೆ ಒಂದು ಲೆಕ್ಕ ಬಾಕಿಯಿದೆ. ಕಂಸಾಳೆಯವರು, ನೀಲಗಾರರು ರಾತ್ರಿಯೆಲ್ಲ ಹಾಡುವ ಮಾದಪ್ಪನ ಕಾವ್ಯ, ಮಂಟೇಸ್ವಾಮಿ ಕಾವ್ಯ ಕಟ್ಟಿದವರು ಯಾರು? ಹೆಸರಿಲ್ಲ. ಅವು ಕ್ಯಾಸೆಟ್ಟಾದವು, ಸಿ.ಡಿ.ಯಾದವು. ಧ್ವನಿಮುದ್ರಣ ಮಾಡಿದ ಕಂಪನಿಗೆ 60 ವರ್ಷದ ಹಕ್ಕು ಬಂತು. ಕಟ್ಟಿದ ಅನಾಮಿಕನಿಗೆ ಕಾಯ್ದೆಯಲ್ಲಿ ಮೂರು ಕಾಸಿನ ಜಾಗವಿಲ್ಲ; ಕದ್ದು ಕೇಳಿದ ಅನಾಮಿಕನಿಗೆ ಮಾತ್ರ ಅಶೋಕ್ ಕುಮಾರ್ ಎಂದು ನಾಮಕರಣ ಮಾಡಿ, ತೊಟ್ಟಿಲು ತೂಗಿ, ನೋಟಿಸ್ ಕೊಡುತ್ತಾರೆ.

ಸಿನಿಮಾ ಕದಿಯುವುದು ತಪ್ಪೇ. ನೂರಾರು ಜನರ ದುಡಿಮೆ ಅದು. 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಥಿಯೇಟರಿನೊಳಗೆ ಕ್ಯಾಮೆರಾ ಹಿಡಿಯುವವನಿಗೆ 3 ವರ್ಷದವರೆಗೆ ಜೈಲು, ಚಿತ್ರದ ವೆಚ್ಚದ ಶೇ. 5ರವರೆಗೆ ದಂಡ ಇಟ್ಟಿದೆ. ಕಳವು ಶುರುವಾಗುವುದು ಅಲ್ಲಿ, ಹಿಡಿಯಬೇಕಾದದ್ದೂ ಅಲ್ಲೇ. ಡಬ್ಬಿಯ ವಿಳಾಸ ಮನುಷ್ಯನ ವಿಳಾಸವಲ್ಲ ಎಂಬುದನ್ನು ಕಾಯ್ದೆಯಲ್ಲೇ ಬರೆಯುವವರೆಗೆ, ಓದುಗ ಮಹಾಶಯರೇ, ಪಕ್ಕದ ಮನೆಯವರಿಗೆ ಮಜ್ಜಿಗೆ ಕೊಡಿ, ಪಾಸ್‌ವರ್ಡ್ ಇವತ್ತೇ ಬದಲಾಯಿಸಿ.