ಸರದಿರಾಯರು

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಂಪನಿಗೆ ಹೋದರೂ ಒಬ್ಬ ಸರದಿರಾಯರು ಸಿಕ್ಕೇ ಸಿಗುತ್ತಾರೆ. ಕಿಟಕಿ ಪಕ್ಕದ ಸೀಟು, ಕೊರಳಲ್ಲಿ ಫೋಟೊ ಮಾಸಿದ ಐಡಿ ಕಾರ್ಡು, ಬಾಯಲ್ಲಿ ಒಂದೇ ಮಂತ್ರ: "ನೂಕಬೇಡಿ, ಒಂದೊಂದಾಗಿ ಬರಲಿ."

ಆಪ್‌ನಲ್ಲಿ ಒಬ್ಬರು ಬಿಲ್ಲು ಕೇಳುತ್ತಾರೆ, ಇನ್ನೊಬ್ಬರು ಫೋಟೊ ಅಪ್‌ಲೋಡ್ ಮಾಡುತ್ತಾರೆ, ಮತ್ತೊಬ್ಬರು ಒಂದೇ ಬಟನ್ನನ್ನು ಮೂರು ಸಲ ಕುಟ್ಟುತ್ತಾರೆ. ಯಾವ ಕೆಲಸ ಯಾವಾಗ ಬಂದೀತೆಂದು ಬ್ರಹ್ಮನಿಗೂ ಗೊತ್ತಿಲ್ಲ. ಎಲ್ಲವನ್ನೂ ಒಟ್ಟಿಗೇ ಓಡಿಸೋಣ ಎನ್ನುತ್ತಾರೆ ಹುಡುಗರು. ರಾಯರು ಕನ್ನಡಕ ಸರಿಮಾಡಿಕೊಳ್ಳುತ್ತಾರೆ. "ಖಾತೇಲಿ 100 ರೂಪಾಯಿ ಇದೆ ಅನ್ನಿ. ಇಬ್ಬರೂ ಒಟ್ಟಿಗೆ ಓದಿದ್ರೆ ಇಬ್ಬರಿಗೂ 100 ಕಾಣತ್ತೆ. ಒಬ್ಬ 50 ಕಳೆದು 50 ಅಂತ ಬರೀತಾನೆ. ಅದರ ಮೇಲೆ ಇನ್ನೊಬ್ಬ 30 ಕಳೆದು 70 ಅಂತ ಬರೀತಾನೆ. ಮೊದಲನೆಯವನು ತೆಗೆದ 50ಕ್ಕೆ ಯಾರಪ್ಪ ಲೆಕ್ಕ ಕೊಡ್ತಾನೆ?"

ಇದಕ್ಕೊಂದು ಪುರಾಣವೂ ಉಂಟು. "ಆಂಡ್ರಾಯ್ಡ್‌ನ ಅಸಿಂಕ್‌ಟಾಸ್ಕ್ ಮೊದಲು ಒಂದೊಂದಾಗೇ ಓಡ್ತಿತ್ತು. 2009ರ ಡೋನಟ್ ಆವೃತ್ತಿಯಲ್ಲಿ ಒಟ್ಟೊಟ್ಟಿಗೆ ಬಿಟ್ಟರು. 2011ರ ಹನಿಕೋಂಬ್‌ನಲ್ಲಿ ತೆಪ್ಪಗೆ ಮತ್ತೆ ಸಾಲಿಗೇ ನಿಲ್ಲಿಸಿದರು!" 2020ರಲ್ಲಿ ಅದನ್ನು ಬಳಸುವುದನ್ನೇ ಬಿಡಿ ಎಂದದ್ದು ಮಾತ್ರ ರಾಯರ ಪುರಾಣದಲ್ಲಿ ಬರುವುದಿಲ್ಲ.

ಜಾವಾಸ್ಕ್ರಿಪ್ಟ್‌ನಲ್ಲಿ ಅವರ ಕೈಚಳಕವೆಲ್ಲ ಒಂದೇ ಸಾಲು. ಒಂದು ಪ್ರಾಮಿಸ್, ಹೊಸ ಕೆಲಸ ಬಂದಾಗಲೆಲ್ಲ ಅದನ್ನು 'ದೆನ್' ಹಾಕಿ ಬಾಲಕ್ಕೆ ಕಟ್ಟಿ, ಇನ್ನು ಇದೇ ಬಾಲ ಎನ್ನುವುದು. ನಡುವೆ ಒಂದು ಕೆಟ್ಟರೆ ಅದರ ಹಿಂದೆ ನಿಂತವೆಲ್ಲ ಓಡದೆ ಉಳಿಯುತ್ತವೆಂದು ಗಂಟಿಗೊಂದು 'ಕ್ಯಾಚ್'.

ಊಟದಲ್ಲೂ ಇದೇ ಶಿಸ್ತು. ಪಲ್ಯ ಮುಗಿಯದೆ ಸಾರು ಮುಟ್ಟರು. ಸಾರನ್ನದ ಹೊತ್ತಿಗೆ ಮನೆಯಾಕೆಯ ಫೋನ್ ಬಂದರೆ ಅದು ಮಜ್ಜಿಗೆಯ ಹಿಂದೆ ನಿಲ್ಲಬೇಕು.

ಒಂದು ದಿನ ಯಾವುದೋ ರಿಪೋರ್ಟು ಹೊರಗಿನ ಸರ್ವರ್‌ನ ಉತ್ತರಕ್ಕೆ ಕಾಯುತ್ತಾ ಕೂತುಬಿಟ್ಟಿತು. ಕೆಟ್ಟಿದ್ದರೆ ಕ್ಯಾಚ್ ಹಿಡಿಯುತ್ತಿತ್ತು. ಅದು ಕೆಡಲೂ ಇಲ್ಲ, ಮುಗಿಯಲೂ ಇಲ್ಲ. ಅದರ ಬೆನ್ನಿಗೆ ಊರಿನವರ ಬಿಲ್ಲುಗಳೆಲ್ಲ. ಮ್ಯಾನೇಜರ್ ಏದುಸಿರು ಬಿಡುತ್ತಾ ಬಂದರೆ ರಾಯರು ಸ್ಕ್ರೀನ್ ಅವರತ್ತ ತಿರುಗಿಸಿದರು. "ನೋಡಿ ಸಾರ್, ಒಂದಾದರೂ ಸರದಿ ತಪ್ಪಿದೆಯಾ?"

ಹೊಸದಾಗಿ ಸೇರಿದ ಹುಡುಗಿ ಮೆಲ್ಲಗೆ, "ಸಾರ್, 30 ಸೆಕೆಂಡಿನ ಟೈಮ್‌ಔಟ್ ಹಾಕಿದ್ರೆ?" ಎಂದಳು.

"ಭೇಷ್! ಬರೆದು ಕಳಿಸಮ್ಮ."

ಸಂಜೆಯಾಯಿತು, ಏನೂ ಅಲುಗಲಿಲ್ಲ. ಅವಳು ಮತ್ತೆ ಬಂದು ಕೇಳಿದಳು.

"ಆಗಲೇ ಹಾಕಿದ್ದೀನಮ್ಮ, ಅದೇ ಸರದಿಗೆ," ಎಂದರು ರಾಯರು. "ಆ ರಿಪೋರ್ಟು ಮುಗಿದ ತಕ್ಷಣ ಓಡತ್ತೆ."