ಅನಾಹ್ವಾನ ಮೀಮಾಂಸೆ: 1951ರ ಒಂದು ಫುಟ್‌ಬಾಲ್ ಋತುವಿನೊಂದಿಗೆ ಬಹುಶಿಸ್ತೀಯ ಅನುಸಂಧಾನ

ಅಧ್ಯಾಯ 1: ಪ್ರವೇಶಿಕೆ

ಆಹ್ವಾನವೆಂಬ ಸಾಂಸ್ಕೃತಿಕ ಕ್ರಿಯೆಯ ಅನುಪಸ್ಥಿತಿಯನ್ನು ಉಪಸ್ಥಿತಿಯ ನೆಲೆಯಿಂದಲೂ, ಉಪಸ್ಥಿತಿಯ ಅನುಪಸ್ಥಿತಿಯನ್ನು ಅನುಪಸ್ಥಿತಿಯದೇ ಪರಿಪ್ರೇಕ್ಷ್ಯದಿಂದಲೂ ಮುಖಾಮುಖಿಯಾಗಿಸಿಕೊಂಡು, ತನ್ಮೂಲಕ ಹೊಸ ವಾಗ್ವಾದವೊಂದನ್ನು ಹುಟ್ಟುಹಾಕುವುದು ಪ್ರಸ್ತುತ ಪ್ರಬಂಧದ ಆಶಯವಾಗಿರುತ್ತದೆ. ಈ ವಾಕ್ಯ ಅರ್ಥವಾಗದವರು ಗಾಬರಿಯಾಗಬೇಕಿಲ್ಲ. ಮಾರ್ಗದರ್ಶಕರು ತಿದ್ದುವುದಕ್ಕೆ ಮೊದಲು ಇದು ಅರ್ಥವಾಗುತ್ತಿತ್ತು.

ಅಧ್ಯಯನದ ವ್ಯಾಪ್ತಿ: ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯ. ಜೆಸ್ಯೂಟ್ ಪಾದ್ರಿಗಳು 1855ರಲ್ಲಿ ಕಟ್ಟಿದ ಸಂಸ್ಥೆ. ಕಾಲಮಿತಿ: 1951ರ ಸೆಪ್ಟೆಂಬರಿನಿಂದ ಆ ವರ್ಷದ ಕೊನೆಯವರೆಗೆ. ಪ್ರಾಥಮಿಕ ಆಕರ: ಆ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ, ಹೆಸರು ಡಾನ್ಸ್. ಆಟ ನಮ್ಮ ಶಾಲೆಯ ಬಯಲಿನ ಫುಟ್‌ಬಾಲ್ ಅಲ್ಲ. ತಲೆಗೆ ಹೆಲ್ಮೆಟ್ ಏರಿಸಿ, ಹೆಗಲಿಗೆ ಪ್ಯಾಡ್ ಕಟ್ಟಿ, ಎರಡೂ ತುದಿ ಚೂಪಾದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಎದುರಾಳಿಗಳ ಗೋಡೆಯನ್ನು ನುಗ್ಗಿ ಓಡುವ ಅಮೆರಿಕದ ಆಟ.

ಅಧ್ಯಾಯ 2: ಪೂರ್ವಾಧ್ಯಯನಗಳ ಸಮೀಕ್ಷೆ

ಈ ವಿಷಯದ ಮೇಲೆ ಕನ್ನಡದಲ್ಲಿ ಈವರೆಗೆ ಯಾರೂ ಕೆಲಸ ಮಾಡಿರುವುದಿಲ್ಲ. ಹೀಗೆಂದು ಬರೆಯುವುದು ಪದ್ಧತಿ. ಹುಡುಕಿ ನೋಡಿ ಬರೆಯುವುದು ಪದ್ಧತಿಯಲ್ಲ.

ಅಧ್ಯಾಯ 3: ಅಜೇಯತ್ವದ ಬಹುಮುಖಿ ಆಯಾಮಗಳು

ಅಜೇಯತ್ವವನ್ನು ಸಂಖ್ಯಾಮೂಲ, ಭೂಗೋಳಮೂಲ, ದೇಹಮೂಲ ಎಂದು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಿಕೊಳ್ಳಬಹುದು. ಸೂಕ್ಷ್ಮವಾಗಿ ಹನ್ನೊಂದು ಬಗೆಯಾಗಿಯೂ ವಿಂಗಡಿಸಬಹುದು. ಆದರೆ ವಿಚಾರ ಸಂಕಿರಣದಲ್ಲಿ ಪ್ರತಿ ಪ್ರಬಂಧಕ್ಕೂ ಏಳು ನಿಮಿಷ, ಸ್ವಾಗತ ಭಾಷಣಕ್ಕೆ ಒಂದೂವರೆ ಗಂಟೆ.

3.1 ಸಂಖ್ಯಾಮೂಲ ಅಜೇಯತ್ವ. ಆಡಿದ ಪಂದ್ಯ 9, ಗೆದ್ದದ್ದು 9. ಸೋಲಿಲ್ಲ, ಸಮವೂ ಇಲ್ಲ. ಸ್ಯಾನ್ ಹೊಸೆ ಸ್ಟೇಟ್ ತಂಡವನ್ನು ಒಂದೇ ಋತುವಿನಲ್ಲಿ ಎರಡು ಸಲ ಸೋಲಿಸಿದರು. ಮೊದಲ ಸಲ 39–2. ಆ 2 ಅಂಕದ ಜ್ಞಾನಮೀಮಾಂಸೆ ಹೀಗಿದೆ: ಚೆಂಡು ಹಿಡಿದವನು ತನ್ನದೇ ಗೆರೆಯ ಹಿಂದೆ ಸಿಕ್ಕಿಬಿದ್ದರೆ ಎದುರಾಳಿಗೆ ದಕ್ಷಿಣೆಯಾಗಿ ಸಿಗುವುದು 2. ಎಂದರೆ ಸ್ಯಾನ್ ಹೊಸೆಯವರು ಚೆಂಡು ಹೊತ್ತು ಡಾನ್ಸ್ ಗೆರೆಯನ್ನು ಒಮ್ಮೆಯೂ ದಾಟಲಿಲ್ಲ. ಕೊನೆಯ ಪಂದ್ಯದಲ್ಲಿ ಲೊಯೊಲಾ ವಿರುದ್ಧವೂ ಅದೇ ಕತೆ, 20–2.

3.2 ಭೂಗೋಳಮೂಲ ಅಜೇಯತ್ವ. ಅಕ್ಟೋಬರಿನಲ್ಲಿ ತಂಡ ದೇಶದ ಪಶ್ಚಿಮ ತುದಿಯಿಂದ ಪೂರ್ವ ತುದಿಗೆ, ನ್ಯೂಯಾರ್ಕಿಗೆ ಹೋಗಿ ಫೋರ್ಡಮ್ ವಿಶ್ವವಿದ್ಯಾಲಯದ ಎದುರು ಆಡಿತು. ಇಲ್ಲಿ ಪ್ರಸ್ತುತ ಸಂಶೋಧಕನು ಪರಿಭಾಷೆಯನ್ನು ತುಸು ಬದಿಗಿಟ್ಟು, ನಡೆದದ್ದನ್ನು ಹೇಳಲು ಅನುಮತಿ ಕೋರುತ್ತಾನೆ. ಆಟ ಶುರುವಾಗುವುದು ಒಂದು ತಂಡ ಚೆಂಡನ್ನು ದೂರಕ್ಕೆ ಒದೆಯುವುದರಿಂದ. ಇನ್ನೊಂದು ತಂಡದವನು ಅದನ್ನು ಹಿಡಿದು ಆದಷ್ಟು ಮುಂದಕ್ಕೆ ಓಡಬೇಕು. ಹನ್ನೊಂದು ಮಂದಿ ಅವನನ್ನು ನೆಲಕ್ಕೆ ಕೆಡವಲು ಎದುರಿಂದ ನುಗ್ಗಿ ಬರುತ್ತಿರುತ್ತಾರೆ. ಇಪ್ಪತ್ತು ಮೂವತ್ತು ಗಜ ಓಡಿದರೆ ಒಳ್ಳೆಯ ಓಟ. ಮೈದಾನ ಇರುವುದೇ ಗೆರೆಯಿಂದ ಗೆರೆಗೆ 100 ಗಜ. ಡಾನ್ಸ್ ತಂಡದ ಆಲಿ ಮ್ಯಾಟ್ಸನ್ ಹಾಗೆ ಬಂದ ಚೆಂಡನ್ನು ಹಿಡಿದು 94 ಗಜ ಓಡಿ ಗೆರೆ ಮುಟ್ಟಿದ. ಅದೇ ಪಂದ್ಯದಲ್ಲಿ ಇನ್ನೊಂದು ಸಲ 90 ಗಜ ಓಡಿ ಮುಟ್ಟಿದ. ಪಂದ್ಯ 32–26. ಅಂದು ಮ್ಯಾಟ್ಸನ್ ಇಲ್ಲದಿದ್ದರೆ ಈ ಪ್ರಬಂಧದ ಶೀರ್ಷಿಕೆಯೂ ಇರುತ್ತಿರಲಿಲ್ಲ.

ಆ ವರ್ಷ ಅವನು ಓಡಿದ್ದು ಒಟ್ಟು 1,566 ಗಜ, ಗೆರೆ ದಾಟಿದ್ದು 21 ಸಲ. ಎರಡರಲ್ಲೂ ಇಡೀ ಅಮೆರಿಕದ ಕಾಲೇಜುಗಳಲ್ಲಿ ಅವನೇ ಮೊದಲಿಗ. ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿಯ ಮತದಾನದಲ್ಲಿ ಅವನಿಗೆ ಬಂದ ಸ್ಥಾನ ಒಂಬತ್ತು. ಮತ ಹಾಕಿದವರ ಗಣಿತದ ಬಗ್ಗೆ ಪ್ರತ್ಯೇಕ ಸಂಶೋಧನೆ ಆಗಬೇಕಿದೆ.

3.3 ದೇಹಮೂಲ ಅಜೇಯತ್ವ. ಇದರಲ್ಲಿ ಊರ್ಧ್ವ, ತಿರ್ಯಕ್ ಎಂದು ಎರಡು ಒಳಭೇದ. ಊರ್ಧ್ವಕ್ಕೆ ನಿದರ್ಶನ ಆರೂಮುಕ್ಕಾಲು ಅಡಿ ಎತ್ತರದ ಬಾಬ್ ಸೇಂಟ್ ಕ್ಲೇರ್. ತಿರ್ಯಕ್ಕಿಗೆ ನಿದರ್ಶನ ಜೀನೊ ಮಾರ್ಕೆಟ್ಟಿ; ಎರಡನೇ ಮಹಾಯುದ್ಧದಲ್ಲಿ ಬಲ್ಜ್ ಕದನ ಕಂಡು ಬಂದವನು, ಫುಟ್‌ಬಾಲಿನಲ್ಲಿ ಅವನನ್ನು ಹೆದರಿಸುವಂಥದ್ದು ಏನೂ ಉಳಿದಿರಲಿಲ್ಲ. ಊರ್ಧ್ವಕ್ಕೂ ತಿರ್ಯಕ್ಕಿಗೂ ಸೇರದೆ, ಚೆಂಡು ಇರುವ ಕಡೆಯಲ್ಲೆಲ್ಲ ಇರುತ್ತಿದ್ದವನು ಬರ್ಲ್ ಟೋಲರ್. ಕೋಚ್ ಜೋ ಕುಹಾರಿಚ್. ತಂಡದ ಸುದ್ದಿಯನ್ನು ಪತ್ರಿಕೆಗಳಿಗೆ ಮುಟ್ಟಿಸಲು ಓಡಾಡುತ್ತಿದ್ದ ಪ್ರಚಾರದ ಹುಡುಗನ ಹೆಸರು ಪೀಟ್ ರೊಜೆಲ್. 1960ರಲ್ಲಿ ಇದೇ ರೊಜೆಲ್ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್, ಅಂದರೆ ಎನ್‌ಎಫ್‌ಎಲ್‌ನ ಕಮಿಷನರ್ ಆದ. ಇಷ್ಟು ಮಂದಿ ಒಂದೇ ಕಾಲೇಜಿನ ಅಂಗಳದಲ್ಲಿದ್ದರು ಎಂಬುದನ್ನು 'ಪ್ರತಿಭಾ ಸಾಂದ್ರತೆ' ಎಂದು ಕರೆಯೋಣ ಎಂದುಕೊಂಡಿದ್ದೆ. ಬೇಡ ಬಿಡಿ.

ಅಧ್ಯಾಯ 4: ಅನಾಹ್ವಾನದ ಸಪ್ತವಿಧ ವರ್ಗೀಕರಣ

ಋತು ಮುಗಿದ ಮೇಲೆ ಜನವರಿ 1ರ ಆಸುಪಾಸು 'ಬೌಲ್' ಪಂದ್ಯಗಳು. ಮಯಾಮಿಯಲ್ಲಿ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸಿನಲ್ಲಿ ಶುಗರ್ ಬೌಲ್, ಜಾಕ್ಸನ್‌ವಿಲ್‌ನಲ್ಲಿ ಗೇಟರ್ ಬೌಲ್. ಮೂರೂ ದಕ್ಷಿಣ ರಾಜ್ಯಗಳ ಊರುಗಳು. ಇವಕ್ಕೆ ಆಗ ಅರ್ಹತಾ ಸುತ್ತು ಎಂಬುದಿರಲಿಲ್ಲ. ಊರ ಗಣ್ಯರ ಸಮಿತಿ ಕೂತು ಯಾರನ್ನು ಕರೆಯಬೇಕೆಂದು ತೀರ್ಮಾನಿಸುತ್ತಿತ್ತು. ಕರೆದರೆ ಹೆಸರೂ ಬಂತು, ಹಣವೂ ಬಂತು. ಡಾನ್ಸ್ ತಂಡವನ್ನು ಈ ಮೂವರಲ್ಲಿ ಯಾರೂ ಕರೆಯಲಿಲ್ಲ.

ಇನ್ನು ಅನಾಹ್ವಾನದ ಬಗೆಗಳು.

4.1 ವಿಸ್ಮೃತಿಜನ್ಯ ಅನಾಹ್ವಾನ: ಸಮಿತಿ ಮರೆತಿರಬಹುದು. ರಾಷ್ಟ್ರೀಯ ಪಟ್ಟಿಯಲ್ಲಿ ತಂಡ 14ನೇ ಸ್ಥಾನದಲ್ಲಿ ಕಣ್ಣಿಗೆ ಹೊಡೆಯುವಂತೆ ನಿಂತಿತ್ತು. ಆದ್ದರಿಂದ ಈ ಬಗೆಯನ್ನು ಕೈಬಿಡಲಾಗಿದೆ.

4.2 ಗುಣಮಟ್ಟಜನ್ಯ ಅನಾಹ್ವಾನ: ತಂಡ ಗೆದ್ದದ್ದೇನೋ ನಿಜ, ಆದರೆ ಗೆದ್ದದ್ದು ದುರ್ಬಲರ ಮೇಲೆ, ಎದುರಾಳಿಗಳ ಮಟ್ಟ ಸಾಲದು. ಪೂರ್ವಪಕ್ಷ ಎಂಬ ಮರ್ಯಾದೆ ಕೊಡಬಹುದಾದದ್ದು ಇದೊಂದಕ್ಕೆ, ಯಾಕೆಂದರೆ ಅಂದು ಮುಂದಿಟ್ಟ ಕಾರಣ ಇದೇ. ಇದಕ್ಕೆ ಉತ್ತರ: ಡಾನ್ಸ್ ಸೋಲಿಸಿದವರಲ್ಲಿ ಕಾಲೇಜ್ ಆಫ್ ದಿ ಪೆಸಿಫಿಕ್ ಒಂದು. ಅಂತರ 47–14. ಹಾಗೆ ಸೋತ ಪೆಸಿಫಿಕ್ ತಂಡಕ್ಕೆ ಟೆಕ್ಸಸಿನ ಎಲ್ ಪಾಸೊದಿಂದ ಸನ್ ಬೌಲ್ ಕರೆಯೋಲೆ ಬಂತು! 33 ಅಂಕದಿಂದ ಸೋತವರು ಒಂದು ಬೌಲಿಗೆ ಲಾಯಕ್ಕು, ಸೋಲಿಸಿದವರು ಯಾವುದಕ್ಕೂ ಅಲ್ಲ. ಈ ತರ್ಕವನ್ನು ಯಾವ ನ್ಯಾಯಶಾಸ್ತ್ರದಿಂದಲೂ ಎತ್ತಿ ನಿಲ್ಲಿಸಲು ಪ್ರಸ್ತುತ ಸಂಶೋಧಕನಿಗೆ ಸಾಧ್ಯವಾಗಿಲ್ಲ.

4.3 ಪ್ರಾದೇಶಿಕ ಸಂವೇದನಾಜನ್ಯ ಅನಾಹ್ವಾನ: ಅಂದರೆ ಆಹ್ವಾನಿಸುವ ಪ್ರದೇಶದ ಸಾಮಾಜಿಕ ಸಂರಚನೆಯು ಆಹ್ವಾನಿತರ ಸಂಯೋಜನೆಯೊಂದಿಗೆ ಹೊಂದಿರಬಹುದಾದ ಅಸಾಂಗತ್ಯದ

ಇಲ್ಲ, ಈ ವಾಕ್ಯವನ್ನು ಮುಗಿಸಲಾರೆ. ಉಳಿದ ನಾಲ್ಕು ಬಗೆಗಳೂ ನನಗೆ ಬೇಡ.

ಮ್ಯಾಟ್ಸನ್ ಮತ್ತು ಟೋಲರ್ ಕಪ್ಪು ಜನಾಂಗದವರು. ತಂಡದಲ್ಲಿ ಕಪ್ಪು ಆಟಗಾರರೆಂದು ಇದ್ದವರು ಅವರಿಬ್ಬರೇ. ಇಬ್ಬರನ್ನು ಬಿಟ್ಟು ಬರುವುದಾದರೆ ಕರೆಯೋಲೆ ಉಂಟು ಎಂಬ ಮಾತು ತಮ್ಮ ಮುಂದೆ ಬಂತು ಎಂದು ಆ ತಂಡದ ಆಟಗಾರರು ಕೊನೆಯವರೆಗೂ ಹೇಳಿಕೊಂಡು ಬಂದರು. ಪಂಕ್ತಿಭೇದ ಕಂಡ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಷ್ಟು ಹೇಳಲು ನನಗೆ ಬೇಕಾದದ್ದು ನಾಲ್ಕು ಸಾಲು. ಅಲ್ಲಿಗೆ ಬರಲು ನಾಲ್ಕು ಅಧ್ಯಾಯ ಸುತ್ತಿದೆ, ಯಾಕೆಂದರೆ ನನಗೆ ಕಲಿಸಿದ್ದು ಹಾಗೆ.

ಈ ಭಾಷೆಯ ಮೇಲೆ ನನಗಿರುವ ಸಿಟ್ಟು ಬರೀ ಬೇಸರದ್ದಲ್ಲ. 'ಎದುರಾಳಿಗಳ ಮಟ್ಟ ಸಾಲದು' ಎಂದು ಬರೆದವರು ಮತ್ತು 'ಸಾಮಾಜಿಕ ಸಂರಚನೆಯ ಅಸಾಂಗತ್ಯ' ಎಂದು ಬರೆಯುವವರು ಒಂದೇ ಶಾಲೆಯಲ್ಲಿ ಓದಿದವರು. ನಮ್ಮಲ್ಲೂ ಮೀಸಲು ಹುದ್ದೆಯ ಸಂದರ್ಶನ ಮುಗಿದ ಮೇಲೆ 'ಅರ್ಹ ಅಭ್ಯರ್ಥಿಗಳು ಕಂಡುಬಂದಿರುವುದಿಲ್ಲ' ಎಂಬ ಷರಾ ಬೀಳುತ್ತದಲ್ಲ, ಅದರ ಕೈಬರಹವೂ ಇದೇ. ವಾಕ್ಯದಲ್ಲಿ ಕರ್ತೃ ಇರುವುದಿಲ್ಲ, ಕೇಡು ಮಾತ್ರ ಆಗಿರುತ್ತದೆ. 'ಕಂಡುಬಂದಿರುವುದಿಲ್ಲ' ಸರಿ, ಯಾರ ಕಣ್ಣಿಗೆ?

'ಅಂದಿನ ಕಾಲವೇ ಹಾಗಿತ್ತು' ಎಂದು ಸಂಕಿರಣದಲ್ಲಿ ಯಾರಾದರೂ ಎದ್ದು ಹೇಳುವುದು ಖಚಿತ. ಅಧ್ಯಕ್ಷರು ತಲೆದೂಗುವುದೂ ಖಚಿತ. ಅವರಿಗೆ ಒಂದು ಮಾಹಿತಿ. ಇದಕ್ಕೆ ನಾಲ್ಕು ವರ್ಷ ಮೊದಲೇ, 1948ರ ಹೊಸವರ್ಷದ ದಿನ, ಟೆಕ್ಸಸಿನ ಡಲ್ಲಾಸ್‌ನಲ್ಲಿ ಕಾಟನ್ ಬೌಲ್ ನಡೆಯಿತು. ಪೆನ್ ಸ್ಟೇಟ್ ತಂಡದಲ್ಲಿ ವಾಲಿ ಟ್ರಿಪ್ಲೆಟ್, ಡೆನ್ನಿ ಹಾಗರ್ಡ್ ಎಂಬ ಇಬ್ಬರು ಕಪ್ಪು ಆಟಗಾರರಿದ್ದರು. ಇಬ್ಬರೂ ಆಡಿದರು. ಪಂದ್ಯ 13–13ಕ್ಕೆ ಸಮವಾಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಕಾಲ ತಾನಾಗಿ ಯಾರನ್ನೂ ಬಾಗಿಲಲ್ಲಿ ತಡೆಯುವುದಿಲ್ಲ, ಅದಕ್ಕೊಂದು ಸಮಿತಿ ಬೇಕು.

ಇನ್ನೊಂದು ಸಂಗತಿ ನನ್ನನ್ನು ಬಿಟ್ಟಿಲ್ಲ. ದಕ್ಷಿಣಕ್ಕೆ ಕರೆಯಲು ಆಗದ ಈ ಇಬ್ಬರೂ ದಕ್ಷಿಣದಲ್ಲೇ ಹುಟ್ಟಿದವರು. ಮ್ಯಾಟ್ಸನ್ ಟೆಕ್ಸಸಿನ ಟ್ರಿನಿಟಿಯವನು, ಟೋಲರ್ ಟೆನೆಸ್ಸಿಯ ಮೆಂಫಿಸ್‌ನವನು.

ತಂಡ ಏನು ಮಾಡಿತು? ಆ ಹುಡುಗರಿಗೆ ಮೀಮಾಂಸೆ ಬರುತ್ತಿರಲಿಲ್ಲ. ಇಬ್ಬರನ್ನು ಬಿಟ್ಟು ಹೋಗುವುದಿಲ್ಲ ಎಂದರು. ಕಾಲೇಜಿಗೆ ಸಾಲವಿತ್ತು, ಬೌಲ್ ಹಣ ಬಂದಿದ್ದರೆ ತಂಡ ಉಳಿಯುತ್ತಿತ್ತೇನೋ, ಅದು ಅವರಿಗೂ ತಿಳಿದಿತ್ತು. ಆದರೂ ಒಲ್ಲೆವೆಂದರು. ವರ್ಷ ಮುಗಿಯುವ ಹೊತ್ತಿಗೆ ಖರ್ಚು ತೂಗಿಸಲಾಗದು ಎಂದು ವಿಶ್ವವಿದ್ಯಾಲಯ ಫುಟ್‌ಬಾಲನ್ನೇ ನಿಲ್ಲಿಸಿತು. ಒಂಬತ್ತಕ್ಕೆ ಒಂಬತ್ತು ಗೆದ್ದ ತಂಡಕ್ಕೆ ಮುಂದಿನ ವರ್ಷವೇ ಇಲ್ಲದಾಯಿತು.

ಅಧ್ಯಾಯ 7: ಫಲಿತಗಳು (5 ಮತ್ತು 6 ಬೈಂಡಿಂಗಿಗೆ ಹೋಗಿವೆ)

ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸಿಗೆ ಹೋಗಿ 400 ಮೀಟರ್ ಓಟದಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ತಂದ. ಅಲ್ಲಿ ಕರೆಯೋಲೆ ಕೊಡುತ್ತಿದ್ದುದು ಗಡಿಯಾರ. ಮ್ಯಾಟ್ಸನ್, ಮಾರ್ಕೆಟ್ಟಿ, ಸೇಂಟ್ ಕ್ಲೇರ್ ಮೂವರೂ ಮುಂದೆ ವೃತ್ತಿಪರ ಫುಟ್‌ಬಾಲಿನ ಹಾಲ್ ಆಫ್ ಫೇಮ್ ಸೇರಿದರು. 'ಮಟ್ಟ ಸಾಲದ' ತಂಡವೊಂದರಿಂದ ಮೂವರು.

ಟೋಲರ್ ಕತೆ ಬೇರೆ. 1952ರಲ್ಲಿ ಮೊಣಕಾಲು ಹೋಯಿತು, ವೃತ್ತಿಪರ ಆಟ ಶುರುವಾಗುವ ಮೊದಲೇ ಮುಗಿಯಿತು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೇಷ್ಟ್ರಾದ, ಆಮೇಲೆ ಹೆಡ್‌ಮಾಸ್ಟರಾದ. 1965ರಲ್ಲಿ ಎನ್‌ಎಫ್‌ಎಲ್ ಅವನನ್ನು ಪಂದ್ಯಾಧಿಕಾರಿಯಾಗಿ ತೆಗೆದುಕೊಂಡಿತು. ಆ ಲೀಗಿನ ಮೊದಲ ಕಪ್ಪು ಪಂದ್ಯಾಧಿಕಾರಿ ಅವನೇ. ಆಗ ಕಮಿಷನರ್ ಕುರ್ಚಿಯಲ್ಲಿ ಇದ್ದವನು ಹಳೆಯ ಪ್ರಚಾರದ ಹುಡುಗ ರೊಜೆಲ್. 1980ರಲ್ಲಿ ಆ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲೂ ಟೋಲರ್ ಪಂದ್ಯಾಧಿಕಾರಿಯಾಗಿ ನಿಂತ. ಆಡಲು ಕರೆಯಬಾರದು ಎಂದಿದ್ದವನ ಕೈಗೆ ಕೊನೆಗೆ ಸೀಟಿ ಬಂತು ಎಂದು ಇದನ್ನು ಸುಖಾಂತವಾಗಿ ಬರೆದು ಮುಗಿಸುವ ಆಸೆ ಯಾರಿಗೂ ಆದೀತು. ನನಗೆ ಆಗುವುದಿಲ್ಲ. ಇಪ್ಪತ್ತರ ಹರೆಯದಲ್ಲಿ ಆಡಬೇಕಾಗಿದ್ದ ಒಂದು ಪಂದ್ಯವನ್ನು ಐವತ್ತರ ಹರೆಯದಲ್ಲಿ ಸೀಟಿ ಊದಿ ಆಡಲಾಗುವುದಿಲ್ಲ.

2006ರಲ್ಲಿ, ತಂಡದಲ್ಲಿ ಬದುಕುಳಿದಿದ್ದ ಎಲ್ಲರಿಗೂ ಅವರ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಗೌರವ ಡಾಕ್ಟರೇಟುಗಳ ಬಗ್ಗೆ ನನ್ನ ಅಭಿಪ್ರಾಯ ಈ ಹೊತ್ತಿಗೆ ಓದುಗರಿಗೆ ಗೊತ್ತಾಗಿರಬೇಕು. ಇವರದ್ದಕ್ಕೆ ಮಾತ್ರ ನನ್ನ ತಕರಾರಿಲ್ಲ. ಮಹಾಪ್ರಬಂಧದಲ್ಲಿ ಹೇಳಬೇಕಾದದ್ದನ್ನು ಅವರು 1951ರಲ್ಲೇ 'ಆಗುವುದಿಲ್ಲ' ಎಂಬ ಒಂದು ಮಾತಿನಲ್ಲಿ ಮಂಡಿಸಿದ್ದರು.

ಅನುಬಂಧವಾಗಿ, ಆ ಸಮಿತಿಗಳು ಕೊನೆಗೆ ಯಾರನ್ನು ಕರೆದವು ಎಂಬುದನ್ನು ದಾಖಲಿಸುತ್ತೇನೆ. ಆರೆಂಜ್ ಬೌಲಿಗೆ ಜಾರ್ಜಿಯಾ ಟೆಕ್ ಮತ್ತು ಬೇಲರ್. ಶುಗರ್ ಬೌಲಿಗೆ ಮೇರಿಲ್ಯಾಂಡ್ ಮತ್ತು ಟೆನೆಸ್ಸಿ. ಗೇಟರ್ ಬೌಲಿಗೆ ಮಯಾಮಿ ಮತ್ತು ಕ್ಲೆಮ್ಸನ್. ಆರು ತಂಡಗಳಲ್ಲಿ ಒಬ್ಬನೇ ಒಬ್ಬ ಕಪ್ಪು ಆಟಗಾರನಿರಲಿಲ್ಲ.