ನಾನು ಒಳಗೇ ಹೋಗಿಲ್ಲ ಮಾರಾಯ್ರೆ!

ತೊಕ್ಕೊಟ್ಟಿನ ಮೇಲ್ಸೇತುವೆ ಕಟ್ಟಿ ಮುಗಿಯಲು ಹಿಡಿದ ಕಾಲದ ಬಗ್ಗೆ ಕೇಳಿದರೆ ಇಲ್ಲಿನ ರಿಕ್ಷಾದವರು ಈಗಲೂ ನಗುತ್ತಾರೆ. ಅಂತೂ 2019ರಲ್ಲಿ ಅದು ತೆರೆಯಿತು. ಅದರ ಅಡಿಯ ಚರಂಡಿಯಲ್ಲಿ ಅರ್ಧ ಗಂಟೆಯೊಳಗೆ ಕಾಮಗಾರಿ ಮುಗಿಸಿ ಕೊಡುವವರೊಬ್ಬರಿದ್ದಾರೆ. ಬ್ಯಾಕ್ಟೀರಿಯಾಗಳಿಗೇ ರೋಗವಾಗಿ ಬರುವ ವೈರಸ್ ಅವರು. ಅವರ ಮೇಲೆ ಇ. ಕೋಲೈ ಕುಟುಂಬದವರು ಅತಿಕ್ರಮ ಪ್ರವೇಶದ ದೂರು ಕೊಟ್ಟಿದ್ದಾರೆಂದು ಕೇಳಿ ಮಾತಾಡಿಸಲು ಹೋದೆವು.

ಹೆಸರು, ವಿಳಾಸ?

ಹೆಸರು ಟಿ4. ಜಾತಿ ಬ್ಯಾಕ್ಟೀರಿಯೋಫೇಜ್. ಉದ್ದ ಮಿಲಿಮೀಟರಿನ ಐದು ಸಾವಿರದಲ್ಲೊಂದು ಭಾಗ. ನಿಮ್ಮ ಹೊಟ್ಟೆಯ ಇ. ಕೋಲೈ ಹೋದಲ್ಲೆಲ್ಲ ನಾವೂ ಉಂಟು. ಚರಂಡಿ ನಾವು ಕಟ್ಟಿದ್ದಲ್ಲ, ಅದನ್ನು ಬರೆದುಕೊಳ್ಳಿ.

ಭಾರತೀಯ ನ್ಯಾಯ ಸಂಹಿತೆಯ 329ನೇ ಸೆಕ್ಷನ್ ಪ್ರಕಾರ ನಿಮ್ಮ ಮೇಲೆ ಆರೋಪ ಇದೆ.

ನಾನು ಒಳಗೇ ಹೋಗಿಲ್ಲ ಮಾರಾಯ್ರೆ! ಸಾಕ್ಷಿ ಬೇಕಾ? 1952ರಲ್ಲಿ ಅಮೆರಿಕದಲ್ಲಿ ಆಲ್ಫ್ರೆಡ್ ಹರ್ಷೆ, ಮಾರ್ಥಾ ಚೇಸ್ ಅಂತ ಇಬ್ಬರು ನಮ್ಮವರ ಪ್ರೋಟೀನ್ ಅಂಗಿಗೆ ವಿಕಿರಣಶೀಲ ಗಂಧಕ, ಒಳಗಿನ ಡಿಎನ್‌ಎಗೆ ವಿಕಿರಣಶೀಲ ರಂಜಕ ಹಾಕಿ ಗುರುತು ಮಾಡಿದರು. ನಾವು ಬ್ಯಾಕ್ಟೀರಿಯಾಕ್ಕೆ ಅಂಟಿಕೊಂಡ ಮೇಲೆ ಎಲ್ಲವನ್ನೂ ಮಿಕ್ಸಿಗೆ ಹಾಕಿ ತಿರುಗಿಸಿದರು. ಅಂಗಿಗಳು ಕಳಚಿ ಬಿದ್ದವು. ಗಂಧಕದ ಬಹುಪಾಲು ಹೊರಗೆ, ರಂಜಕದ ಬಹುಪಾಲು ಒಳಗೆ. ವಂಶದ ಗುಟ್ಟು ಡಿಎನ್‌ಎಯಲ್ಲಿದೆ ಎಂದು ಜಗತ್ತು ಒಪ್ಪಲು ನಮ್ಮ ಅಂಗಿ ಹೋಯಿತು. ಹರ್ಷೆಗೆ 1969ರಲ್ಲಿ ನೊಬೆಲ್ ಬಂತು, ಚೇಸ್‌ಗೆ ಬರಲಿಲ್ಲ. ಅದರ ಮೇಲೆ ಯಾರೂ ದೂರು ಕೊಟ್ಟಿಲ್ಲ, ನನ್ನ ಮೇಲೆ ಮಾತ್ರ!

ದೇಹದ ಯಾವುದೇ ಭಾಗ ಒಳಹೊಕ್ಕರೂ ಸಾಕು ಅನ್ನುತ್ತದೆ ಕಾನೂನು. ನಿಮ್ಮ ಬಾಲ?

(ಸ್ವಲ್ಪ ಹೊತ್ತು ಮೌನ.) ವಕೀಲರು ಹೇಳಿದ ಹಾಗೆ ಹೇಳುತ್ತೇನೆ. ನನಗೆ ಆರು ಉದ್ದ ಕಾಲು. ಮೊದಲು ಅದರಲ್ಲಿ ತಡವಿ ನೋಡುತ್ತೇನೆ, ಇದು ನನ್ನ ಗಿರಾಕಿಯೋ ಅಲ್ಲವೋ ಅಂತ. ಹೌದು ಎಂದಾದರೆ ಬುಡದ ತಟ್ಟೆ ಆರು ಮೂಲೆಯಿಂದ ನಕ್ಷತ್ರದ ಆಕಾರಕ್ಕೆ ಬದಲಾಗುತ್ತದೆ. ಬಾಲದ ಹೊರಕವಚ ಅರ್ಧಕ್ಕಿಂತ ಗಿಡ್ಡಕ್ಕೆ ಕುಗ್ಗುತ್ತದೆ. ಒಳಗಿನ ಕೊಳವೆ ಹೊರಪೊರೆ ಚುಚ್ಚಿಕೊಂಡು ಇಳಿಯುತ್ತದೆ. ಕೊಳವೆಯ ತುದಿಯಲ್ಲಿ ಗೋಡೆ ಕರಗಿಸುವ ಕಿಣ್ವ ಉಂಟು. ಒಳಪೊರೆಗೆ ಮಾತ್ರ ನಾನು ಚುಚ್ಚಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದವರೇ ಹೇಳಿದ್ದಾರೆ, ಒಳಪೊರೆ ತಾನಾಗಿ ಉಬ್ಬಿ ಕೊಳವೆಯ ಬಾಯಿಗೆ ಬಂದು ನಿಲ್ಲುತ್ತದೆ ಅಂತ. ಎದುರುಗೊಳ್ಳಲು ಬಂದವರನ್ನು ಬೇಡ ಅನ್ನಲಿಕ್ಕಾಗುತ್ತದಾ?

ಡಿಎನ್‌ಎ ನಿಮ್ಮ ದೇಹವಲ್ಲವೇ?

ಅದು ದಾಖಲೆ. ಈ ಹೆದ್ದಾರಿ ಬದಿಯಲ್ಲಿ ಜಾಗ ಹೊಡೆದವರಲ್ಲಿ ಯಾರಾದರೂ ಬೇಲಿ ಹಾರಿದ್ದಾರಾ ಹೇಳಿ. ಪಹಣಿಯಲ್ಲಿ ಹೆಸರು ಬದಲಾದರೆ ಆಯಿತು. ನಾನು ಮಾಡಿದ್ದೂ ಅಷ್ಟೇ, ಕಾಗದ ಕಳಿಸಿದೆ.

ದಾಖಲೆ ಪರಿಶೀಲಿಸುವ ಗುಮಾಸ್ತರು ಅಲ್ಲಿ ಇಲ್ಲವೇ?

ಇದ್ದಾರೆ, ಬಹಳ ಕಟ್ಟುನಿಟ್ಟು. ಅನ್ಯರ ಡಿಎನ್‌ಎ ಕಂಡರೆ ಕತ್ತರಿಸಿ ಹಾಕುವ ಕಿಣ್ವಗಳು. ಅದಕ್ಕೇ ನಾವು ನಮ್ಮ ಡಿಎನ್‌ಎಯ ಸಿ ಅಕ್ಷರವನ್ನು ಸ್ವಲ್ಪ ತಿದ್ದಿ, ಅದರ ಮೇಲೆ ಸಕ್ಕರೆ ಹಚ್ಚಿರುತ್ತೇವೆ. ಸಕ್ಕರೆ ಇದ್ದ ಕಡೆ ಹೆಚ್ಚಿನ ಕತ್ತರಿಗಳು ಓಡುವುದಿಲ್ಲ. ತಾಲೂಕು ಕಚೇರಿ ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಾ? ಆಮೇಲೆ ಮನೆಯವರ ಹಳೇ ದಾಖಲೆಯನ್ನು ಚೂರು ಚೂರು ಮಾಡಿ ಅದೇ ಚೂರುಗಳಲ್ಲಿ ನಮ್ಮ ನಕಲು ತಯಾರಿಸುತ್ತೇವೆ.

ಪಾಠಪುಸ್ತಕದಲ್ಲಿ ನಿಮ್ಮನ್ನು ಇಂಜೆಕ್ಷನ್ ಸಿರಿಂಜ್ ಅನ್ನುತ್ತಾರೆ.

ಸಿರಿಂಜಿಗೆ ಹಿಂದಿನಿಂದ ಒತ್ತುವ ಹೆಬ್ಬೆರಳು ಬೇಕು. ನನಗೆಲ್ಲಿದೆ? ಲೆಕ್ಕ ಕೇಳಿ. ನನ್ನ ತಲೆಯ ಉದ್ದದ ಸುಮಾರು ಐನೂರು ಪಟ್ಟು ಉದ್ದವಿರುವ ಡಿಎನ್‌ಎಯನ್ನು ಅದೇ ತಲೆಯೊಳಗೆ ತುರುಕಿಟ್ಟಿದ್ದಾರೆ. ನಮ್ಮ ಬಳಗದ ಕೆಲವರಲ್ಲಿ ಆ ಒತ್ತಡ ವಾಯುಭಾರದ ಹತ್ತಾರು ಪಟ್ಟು ಇರುತ್ತದೆ. ಬಾಗಿಲು ತೆರೆದರೆ ಸಾಕು, ಸುರುಳಿ ತಾನಾಗಿ ನುಗ್ಗುತ್ತದೆ.

ತುರುಕಿದವರು ಯಾರು? ಖರ್ಚು?

ತುರುಕುವುದಕ್ಕೆ ಒಂದು ಪುಟ್ಟ ಮೋಟಾರು ಉಂಟು, ಎಟಿಪಿ ಎಂಬ ಇಂಧನ ಸುಟ್ಟು ಓಡುತ್ತದೆ. ಎಟಿಪಿ ಕೊಟ್ಟದ್ದು ಹಿಂದಿನ ಮನೆಯವರು, ನಾನು ಹುಟ್ಟಿದ ಬ್ಯಾಕ್ಟೀರಿಯಾ. ಅಂದರೆ ಈ ಮನೆಗೆ ನುಗ್ಗುವ ಖರ್ಚು ಆ ಮನೆಯ ಲೆಕ್ಕದಲ್ಲಿ ಹೋಗಿದೆ. ನನ್ನ ಕಿಸೆಯಿಂದ ಒಂದು ಪೈಸೆ ಇಲ್ಲ. ಆದರೆ ಒಳಗೂ ಒತ್ತಡ ಉಂಟಲ್ಲ, ಬರೇ ನೂಕಿದರೆ ಪೂರ್ತಿ ಹೋಗುವುದಿಲ್ಲ. ನನ್ನ ದೊಡ್ಡಪ್ಪನ ಮಗ ಟಿ7ನನ್ನು ನೋಡಿ. ಅವನು ಮೊದಲು ಒಂದು ತುದಿ ಮಾತ್ರ ಇಳಿಸುತ್ತಾನೆ. ಬ್ಯಾಕ್ಟೀರಿಯಾದ ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ ಅದನ್ನು ಓದುತ್ತ ಓದುತ್ತ ಉಳಿದದ್ದರಲ್ಲಿ ಮೊದಲ ಪಾಲನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ಯಾರ ಮೇಲೆ ಹಾಕುತ್ತೀರಿ ಕೇಸು?

ಬಾಗಿಲು ಮುಚ್ಚಿಕೊಳ್ಳಬಹುದಲ್ಲ?

ಮುಚ್ಚುವವರು ಇದ್ದಾರೆ. ನಮ್ಮ ಬಳಗದ ಲ್ಯಾಂಬ್ಡಾ ಬರುವುದು ಮಾಲ್ಟೋಸ್ ಎಂಬ ಸಕ್ಕರೆಯನ್ನು ಒಳಗೆ ತರುವ ಕಿಂಡಿಗೆ. ಕಿಂಡಿ ಮುಚ್ಚಿದರೆ ಲ್ಯಾಂಬ್ಡಾ ಇಲ್ಲ, ಮಾಲ್ಟೋಸಿಗೂ ತತ್ವಾರ.

ನಿಮ್ಮವರಲ್ಲಿ ಕೆಟ್ಟವರೂ ಇದ್ದಾರಂತೆ.

ಇಲ್ಲ ಅನ್ನುವುದಿಲ್ಲ. ಕಾಲರಾ ರೋಗಾಣುವಿಗೆ ವಿಷದ ಜೀನ್ ತಂದುಕೊಟ್ಟದ್ದು ನಮ್ಮವನೇ ಒಬ್ಬ, 1996ರಲ್ಲಿ ಸಿಕ್ಕಿಬಿದ್ದ. ಮುಂದಿನ ಪ್ರಶ್ನೆ.

ಊರಿಗೆ ಏನಾದರೂ ಉಪಕಾರ?

ನೇತ್ರಾವತಿ ಸೇತುವೆ ದಾಟಿ ಎಕ್ಕೂರಿಗೆ ಹೋಗಿ. ಅಲ್ಲಿನ ಮೀನುಗಾರಿಕಾ ಕಾಲೇಜಿನಲ್ಲಿ ಇಡ್ಯ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಅವರ ತಂಡದವರು ನಮ್ಮ ಬಳಗದವರನ್ನು ಹಿಡಿದು ಕೆಲಸಕ್ಕೆ ಹಚ್ಚಿದರು. ಸಿಗಡಿ ಮರಿ ಸಾಕುವ ತೊಟ್ಟಿಗಳಲ್ಲಿ ವಿಬ್ರಿಯೋ ಹಾರ್ವೆಯಿ ಅಂತ ಒಂದು ಬ್ಯಾಕ್ಟೀರಿಯಾ. ರಾತ್ರಿ ಮಿಣಮಿಣ ಹೊಳೆಯುತ್ತದೆ, ಬೆಳಗಾಗುವಾಗ ಮರಿಗಳು ರಾಶಿ ಸತ್ತಿರುತ್ತವೆ. ಅದಕ್ಕೆ ಫೇಜ್ ಬಿಟ್ಟು ನೋಡಿದರು. ಆ್ಯಂಟಿಬಯೋಟಿಕ್ ಹಾಕಿದ ತೊಟ್ಟಿಗಿಂತ ಹೆಚ್ಚು ಮರಿಗಳು ಉಳಿದವು. 2006, 2007ರಲ್ಲಿ ಪ್ರಬಂಧವಾಗಿ ಬಂದಿದೆ. ಸನ್ಮಾನಕ್ಕೆ ನಮ್ಮನ್ನು ಯಾರೂ ಕರೆಯಲಿಲ್ಲ, ಇರಲಿ.

ಮನುಷ್ಯರಿಗೆ?

1917ರಲ್ಲಿ ಫೆಲಿಕ್ಸ್ ದೆರೆಲ್ ನಮಗೆ ಹೆಸರಿಟ್ಟ. ಕಾಲರಾಕ್ಕೆ ಮದ್ದಾಗಿ ನಮ್ಮನ್ನು ಹಿಡಿದುಕೊಂಡು 1927ರಲ್ಲಿ ಭಾರತಕ್ಕೂ ಬಂದಿದ್ದ. ಆಮೇಲೆ ಪೆನಿಸಿಲಿನ್ ಬಂತು, ಹೆಚ್ಚಿನವರು ನಮ್ಮನ್ನು ಮರೆತರು. ಈಗ ಮಾತ್ರೆಗೆ ಬಗ್ಗದ ಬ್ಯಾಕ್ಟೀರಿಯಾ ತಯಾರಾದ ಮೇಲೆ ಮತ್ತೆ ಚರಂಡಿ ಹುಡುಕುತ್ತಿದ್ದೀರಿ.

ಹಾಗಾದರೆ ಇನ್ನು ನೀವೇ ಗತಿಯೇ?

ಅಷ್ಟು ದೊಡ್ಡ ಮಾತು ಬೇಡ. ನನ್ನ ಕಾಲಿಗೆ ಸಿಗುವುದು ಇ. ಕೋಲೈ ಮತ್ತು ಅದರ ಹತ್ತಿರದ ಕೆಲವು ನೆಂಟರು, ಅದರಲ್ಲೂ ಎಲ್ಲರೂ ಅಲ್ಲ. ಪ್ರತಿ ರೋಗಾಣುವಿಗೆ ಬೇರೆ ಫೇಜ್ ಹುಡುಕಬೇಕು. ಸದ್ಯಕ್ಕೆ ನಿಮ್ಮ ಕೈಯಲ್ಲಿ ಇರುವುದು ಆ್ಯಂಟಿಬಯೋಟಿಕ್ಕೇ. ಜಂಕ್ಷನ್ನಿನ ಯಾವುದೇ ಮೆಡಿಕಲ್‌ಗೆ ಹೋಗಿ "ಮೊನ್ನೆಯ ಅದೇ ಮಾತ್ರೆ ನಾಲ್ಕು ಕೊಡಿ" ಅನ್ನುವ ಮೊದಲು ಪಟ್ಟಿಯನ್ನೊಮ್ಮೆ ತಿರುಗಿಸಿ ನೋಡಿ. ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಇಲ್ಲದೆ ಅದನ್ನು ಮಾರುವ ಹಾಗಿಲ್ಲ, ನೀವೂ ಕೇಳಬೇಡಿ.